ಅಣ್ಣ ಅರ್ಧಕ್ಕೆ ಬಿಟ್ಟ ಹುಳಿನೀರು

ತೀರಿಕೊಂಡ ಅಣ್ಣನ ಮಣ್ಣಿಗೆ ಹೋಗಿ ಬಂದ ಐದನೆಯ ದಿನ ವೈನಿಯ ಫೋನ್ ಬಂತು. ಅಣ್ಣನ ಹೆಂಡತಿಯನ್ನು ನಮ್ಮ ಕಡೆ ವೈನಿ ಎನ್ನುತ್ತೇವೆ. ಬಸವನ ಬಾಗೇವಾಡಿಯ ಆಸ್ಪತ್ರೆಯ ಲ್ಯಾಬಿನಲ್ಲಿ ನಾನು ಆಗ ರಕ್ತದ ಶೀಶೆಗಳಿಗೆ ಚೀಟಿ ಅಂಟಿಸುತ್ತಿದ್ದೆ. ಕೈಗವಸು ತೆಗೆದು ಫೋನ್ ಎತ್ತುವಷ್ಟರಲ್ಲಿ ಕರೆ ನಿಂತುಹೋಯಿತು. ನಾನೇ ತಿರುಗಿ ಮಾಡಿದೆ.

"ಕೆಲಸದಾಗ ಇದ್ರೇನ್ರಿ?" ಎಂದು ಕೇಳಿದರು.

"ಇಲ್ಲ, ಹೇಳ್ರಿ ವೈನಿ."

ಆ ಕಡೆ ಬಾಗಿಲು ಮುಚ್ಚಿದ ಸದ್ದು ಕೇಳಿತು. ಆಮೇಲೆ ಹೇಳಿದರು, "ಆ ಜಾಡಿ ಇನ್ನೂ ಸಪ್ಪಳ ಮಾಡಾಕತ್ತೈತಿ."

"ಯಾವ ಜಾಡಿ?"

"ಅವ್ರು ತಪ್ಪಲಾ ಹಾಕಿ ಇಟ್ಟಿದ್ರಲ್ರಿ, ಅದು. ಹೋಗೂಕ್ಕಿಂತ ಎರಡ ದಿನ ಮೊದಲ ಇಟ್ಟಾರ. ಮಧ್ಯಾಹ್ನ ಮನ್ಯಾಗ ಯಾರೂ ಇರೂದಿಲ್ಲ. ಅಡಗಿಮನ್ಯಾಗ ಕುಂತ್ರ ಅದೊಂದ ಕೇಳತೈತಿ. ಚೆಲ್ಲಾಕ ಕೈ ಬರವಲ್ದು. ಏನ್ ಮಾಡ್ಲಿ ಹೇಳ್ರಿ."

ನಾನು ಕುರ್ಚಿಯ ಮೇಲೆ ಕುಳಿತುಕೊಂಡೆ. ಅಣ್ಣ ಇನ್ನೂ ಹುಳಿನೀರು ಮಾಡುತ್ತಿದ್ದ ಎಂಬುದೇ ನನಗೆ ಗೊತ್ತಿರಲಿಲ್ಲ. ಇಪ್ಪತ್ತೇಳು ವರ್ಷದಿಂದ ನಾವಿಬ್ಬರೂ ಮಾತು ಬಿಟ್ಟಿದ್ದೆವು. ಮಣ್ಣಿನ ದಿನವೂ ನಾನು ಹೆಂಗಸರ ಸಾಲಿನ ಹಿಂದೆ ನಿಂತು ಅವನ ಪಾದಗಳನ್ನು ನೋಡಿ, ಸಂಜೆಯ ಬಸ್ಸಿಗೆ ಹಿಂತಿರುಗಿದ್ದೆ. ಇರು ಎಂದು ಯಾರೂ ಹೇಳಲಿಲ್ಲ. ಹೋಗು ಎಂದೂ ಯಾರೂ ಹೇಳಲಿಲ್ಲ. ನನಗೆ ಅಳು ಬರಲಿಲ್ಲ. ಅಳು ಬಾರದ್ದನ್ನು ಯಾರಾದರೂ ಗಮನಿಸಿದರೇನೋ ಎಂಬ ಯೋಚನೆಯಲ್ಲೇ ದಾರಿ ಸವೆದಿತ್ತು.

"ಚೆಲ್ಲಬ್ಯಾಡ್ರಿ," ಎಂದೆ. "ಬಾಯಿಗೆ ಕಟ್ಟಿದ ಅರಿಬಿ ಬಿಚ್ಚಬ್ಯಾಡ್ರಿ. ನಾ ನಾಳೆ ಬರ್ತೇನಿ."

ಹುಳಿನೀರು ಎಂದರೆ ಏನು ಎಂಬುದನ್ನು ಮೊದಲು ಹೇಳಬೇಕು. ನಮ್ಮದು ಇಂಡಿ ತಾಲೂಕಿನಲ್ಲಿ ತಾಂಬಾದ ಆಚೆ, ಹಳ್ಳದ ದಂಡೆಯ ಮೇಲಿನ ಊರು. ಕುರಿ ಕಾಯುವ ಮನೆತನ. ಕುರಿಯ ಹಿಂದೆ ತಿರುಗುವವರಿಗೆ ಗಿಡಗಳ ತಪ್ಪಲು, ಅಂದರೆ ಎಲೆ, ಚೆನ್ನಾಗಿ ಗೊತ್ತಿರುತ್ತದೆ. ಯಾವುದನ್ನು ತಿಂದರೆ ಹಾಲು ಹೆಚ್ಚುತ್ತದೆ, ಯಾವುದು ಹೊಟ್ಟೆ ಉಬ್ಬಿಸುತ್ತದೆ ಎಂದು ಅಪ್ಪ ಎಲೆ ಮೂಸಿ ಹೇಳುತ್ತಿದ್ದ. ನಮ್ಮ ಅಜ್ಜಿಯ ಕಾಲದಿಂದಲೂ ಮನೆಯಲ್ಲಿ ವರ್ಷಕ್ಕೊಮ್ಮೆ ಎಲೆಯಿಂದ ಒಂದು ಪೇಯ ಮಾಡುತ್ತಿದ್ದರು. ಯುಗಾದಿಯ ಸುಮಾರಿಗೆ ಹುಣಸೆ ಗಿಡ ಚಿಗುರುತ್ತದಲ್ಲ, ಆ ಎಳೆಯ ಚಿಗುರನ್ನು ತಂದು, ಕುದಿಯುವ ನೀರು ಹೊಯ್ದು, ಎರಡು ದಿನ ಮುಚ್ಚಿಟ್ಟು, ಅರ್ಧ ತಪ್ಪಲು ಅದರಲ್ಲೇ ಉಳಿಯುವಂತೆ ದೊಡ್ಡ ಜಾಡಿಗೆ ತುಂಬುವುದು. ಅದಕ್ಕೆ ಕುಟ್ಟಿದ ಬೆಲ್ಲ, ಒಂದು ಬೊಗಸೆ ಒಣದ್ರಾಕ್ಷಿ. ಬಾಯಿಗೆ ಹಳೆಯ ಧೋತರದ ತುಂಡು ಕಟ್ಟಿ ಕತ್ತಲ ಮೂಲೆಯಲ್ಲಿ ಇಟ್ಟರೆ ಮೂರನೆಯ ದಿನಕ್ಕೆ ಅದು ಮಾತಾಡಲು ಶುರುಮಾಡುತ್ತಿತ್ತು. ಸೋಸಿ ಶೀಶೆಗೆ ತುಂಬಿದ ಮೇಲೆ ದೀಪಾವಳಿಯವರೆಗೆ ಯಾರೂ ಮುಟ್ಟುವಂತಿಲ್ಲ. ಹಟ್ಟಿಯಲ್ಲಿ ಕುರಿಗಳ ಪೂಜೆಯಾದ ಮೇಲೆ ದೊಡ್ಡವರಿಗೆ ಒಂದೊಂದು ಸಣ್ಣ ವಾಟಗ. ನಮಗೆ ಬೆರಳು ಅದ್ದಿ ನೆಕ್ಕಲು ಬಿಡುತ್ತಿದ್ದರು.

ಅದನ್ನು ಸೆರೆ, ಹೆಂಡ ಎಂದು ನಮ್ಮಲ್ಲಿ ಯಾರೂ ಕರೆಯಲಿಲ್ಲ. ಲ್ಯಾಬ್ ಕೋರ್ಸಿಗೆ ಸೇರಿದ ಮೇಲೆ ಯೀಸ್ಟ್ ಬಗ್ಗೆ ಪಾಠ ಮಾಡಿದರು. ಸಕ್ಕರೆ ಹೇಗೆ ಮದ್ಯವಾಗುತ್ತದೆ ಎಂದು ಬೋರ್ಡಿನ ಮೇಲೆ ಬರೆದಾಗ ನಾನು ಮೇಜಿನ ಕೆಳಗೆ ಕೈ ಹಿಸುಕಿಕೊಂಡೆ. ನಾವು ಮಾಡುತ್ತಿದ್ದದ್ದು ವೈನ್. ದ್ರಾಕ್ಷಿಯ ಬದಲು ಎಲೆಯ ವೈನ್. ಅಪ್ಪನಿಗೆ ಹೇಳಿದಾಗ ಅವನು, "ಇರಬಹುದು. ನಮ್ಮವ್ವ ಹುಳಿನೀರು ಅಂತಿದ್ಲು," ಎಂದಷ್ಟೇ ಹೇಳಿ ಕಂಬಳಿ ಝಾಡಿಸಿದ.

ಈ ಕೆಲಸವನ್ನು ಅಪ್ಪ ನಮ್ಮಿಬ್ಬರಿಗೂ ಕಲಿಸಿದ. ಆದರೆ ಇಬ್ಬರಿಗೂ ಪೂರ್ತಿ ಕಲಿಸಲಿಲ್ಲ. ಅಣ್ಣ ನನಗಿಂತ ನಾಲ್ಕು ವರ್ಷ ದೊಡ್ಡವನು. ಗಿಡ ಹತ್ತುವುದರಲ್ಲಿ ನಿಸ್ಸೀಮ. ನನಗೆ ಗಿಡ ಹತ್ತುವುದೆಂದರೆ ಹೆದರಿಕೆ. ಹೀಗಾಗಿ ತಪ್ಪಲು ತರುವುದು ಅಪ್ಪ ಮತ್ತು ಅವನ ಪಾಲು. ಬೆಳಗಿನ ತಂಪಿನಲ್ಲಿ ಇಬ್ಬರೂ ಹಳ್ಳದ ಕಡೆ ಹೋಗಿ, ಬಿಸಿಲೇರುವ ಮೊದಲು ಚೀಲ ಹೊತ್ತು ಬರುತ್ತಿದ್ದರು. ಜಾಡಿ ನನ್ನ ಪಾಲು. ಅಣ್ಣನಿಗೆ ಚಿಕ್ಕಂದಿನಲ್ಲಿ ಕಿವಿ ಸೋರಿ ಎಡಗಿವಿ ಪೂರ್ತಿ ಮಂದವಾಗಿತ್ತು, ಬಲಗಿವಿಗೂ ಸಣ್ಣ ಸದ್ದು ಹಿಡಿಯುತ್ತಿರಲಿಲ್ಲ. ಜಾಡಿಯ ಕೆಲಸಕ್ಕೆ ಕಿವಿ ಬೇಕು. ಗುಳುಗುಳು ಸದ್ದು ಯಾವಾಗ ಜೋರು, ಯಾವಾಗ ಇಳಿಯಿತು, ಒಂದು ಗುಳ್ಳೆಗೂ ಇನ್ನೊಂದಕ್ಕೂ ಎಷ್ಟು ಅಂತರ ಎಂದು ಕೇಳಿ ಸೋಸುವ ಹೊತ್ತನ್ನು ಗೊತ್ತುಮಾಡಬೇಕು. ಅಪ್ಪ ನನ್ನ ತಲೆಯನ್ನು ಮೆಲ್ಲಗೆ ಜಾಡಿಗೆ ಒತ್ತಿ, "ಕೇಳು. ಮಲಗಿದ ಕುರಿ ಉಸರಾಡಿದಂಗ ಆಗಬೇಕು. ಆವಾಗ ಸೋಸು. ಮತ್ತ ಒಂದ ದಿನಾನೂ ಬಿಡಬ್ಯಾಡ," ಎನ್ನುತ್ತಿದ್ದ.

ಅವ್ವ ಬೇಗ ಹೋದಳು. ಅಪ್ಪ ನನ್ನ ಇಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ ತೀರಿಕೊಂಡ. ಅಷ್ಟರಲ್ಲಿ ಅಣ್ಣ ಸಿಂದಗಿಯಲ್ಲಿ ಪಂಪಿನ ಮೋಟಾರಿಗೆ ತಂತಿ ಸುತ್ತುವ ಅಂಗಡಿ ಇಟ್ಟು, ಮದುವೆಯಾಗಿ ನೆಲೆಯೂರಿದ್ದ. ನಾನು ಅವನ ಮನೆಯಲ್ಲಿದ್ದುಕೊಂಡು ಅಲ್ಲೇ ಒಂದು ಖಾಸಗಿ ಲ್ಯಾಬಿಗೆ ಹೋಗುತ್ತಿದ್ದೆ. ಮರು ವರ್ಷ ಎರಡು ಸಂಗತಿ ಒಟ್ಟಿಗೇ ಬಂದವು. ಮುದ್ದೇಬಿಹಾಳದ ಆಸ್ಪತ್ರೆಗೆ ನನ್ನ ನೇಮಕದ ಪತ್ರ ಬಂತು. ಇಂಡಿಯಿಂದ ಒಂದು ವರ ಬಂತು.

ವರ ನೋಡಲು ಕೆಟ್ಟವನಲ್ಲ. ಅವನ ಮೇಲೆ ನನಗೆ ದೂರೂ ಇರಲಿಲ್ಲ. ಅಂದಿನ ದಿನಗಳಲ್ಲಿ ನನಗೆ ನೌಕರಿಯ ಪತ್ರವೇ ಕಣ್ಣ ಮುಂದೆ. ನಿಶ್ಚಯಕ್ಕೆ ನಾಲ್ಕು ದಿನ ಇರುವಾಗ ಅಣ್ಣ ಬಸ್ ನಿಲ್ದಾಣದಿಂದ ನನ್ನನ್ನು ಸ್ಕೂಟರ್ ಮೇಲೆ ಮನೆಗೆ ಕರೆತರುತ್ತಿದ್ದ. ನಾನು ಹಿಂದೆ ಅಡ್ಡ ಕುಳಿತಿದ್ದೆ. ಮಾರುಕಟ್ಟೆ ದಾಟಿದ ಮೇಲೆ ಧೈರ್ಯ ಮಾಡಿ ಹೇಳಿದೆ, "ಅಣ್ಣಾ, ಲಗ್ನ ಆದ್ರೂ ನಾ ನೌಕರಿ ಬಿಡೂದಿಲ್ಲ. ಅವ್ರಿಗೆ ಮೊದಲ ಹೇಳಿಬಿಡು."

ಅವನು "ಹ್ಞೂಂ" ಎಂದ.

ಆ ಹ್ಞೂಂ ಮೇಲೆ ಭಾರ ಹಾಕಿ ನಾನು ನಾಲ್ಕು ದಿನ ನಿಶ್ಚಿಂತೆಯಿಂದ ಇದ್ದೆ. ನಿಶ್ಚಯದ ದಿನ ಪಡಸಾಲೆಯಲ್ಲಿ ಮಂದಿ ಕುಳಿತು ಚುರುಮುರಿ ಸೂಸಲ ತಿನ್ನುತ್ತಿದ್ದರು. ವರನ ಕಾಕಾ ಒಂದು ಮಾತು ತೆಗೆದ.

"ನೌಕರಿ ಗೀಕರಿ ನಮ್ಮ ಮನ್ಯಾಗ ನಡ್ಯೂದಿಲ್ಲ ನೋಡ್ರಿ."

"ಅದರದೇನ್ರಿ, ಆಕಿ ಬಿಡ್ತಾಳ," ಎಂದ ಅಣ್ಣ.

ನಾನು ಅಡುಗೆಮನೆಯ ಹೊಸ್ತಿಲಲ್ಲಿ ನಿಂತಿದ್ದೆ. "ನಾ ಬಿಡೂದಿಲ್ಲ," ಎಂದೆ. ಜೋರಾಗಿ ಹೇಳಲಿಲ್ಲ. ಆದರೆ ಪಡಸಾಲೆಯಲ್ಲಿ ಚಮಚೆಗಳ ಸದ್ದು ನಿಂತಿತು.

ಅವರು ಎದ್ದು ಹೋದರು. ಅರ್ಧ ತಿಂದ ತಾಟುಗಳ ನಡುವೆ ಅಣ್ಣ ನಿಂತಿದ್ದ.

"ನನಗ ಮೊದಲ ಹೇಳಬೇಕಿತ್ತು ನೀನು."

"ಹೇಳೇನಿ."

"ಯಾವಾಗ?"

"ಗಾಡಿ ಮ್ಯಾಲ. ನೀ ಹ್ಞೂಂ ಅಂದಿ."

"ಹೇಳಿಲ್ಲ ನೀ. ಸುಳ್ಳ ಹೇಳಬ್ಯಾಡ."

ಅವನು ಸುಳ್ಳು ಹೇಳುತ್ತಿದ್ದಾನೆ ಎಂದು ನಾನು ತಿಳಿದೆ. ನಾನು ಸುಳ್ಳು ಹೇಳುತ್ತಿದ್ದೇನೆ ಎಂದು ಅವನು ತಿಳಿದ. ಮುಂದಿನ ವಾರ ಟ್ರಂಕು ಹಿಡಿದು ನಾನು ಮುದ್ದೇಬಿಹಾಳದ ಬಸ್ಸು ಹತ್ತಿದೆ. ವೈನಿ ಬಟ್ಟೆಯಲ್ಲಿ ರೊಟ್ಟಿ ಕಟ್ಟಿಕೊಟ್ಟರು. ಅಣ್ಣ ಅಂಗಡಿಯಲ್ಲಿ ಮೋಟಾರು ಬಿಚ್ಚುತ್ತ ಕುಳಿತಿದ್ದ, ತಲೆ ಎತ್ತಲಿಲ್ಲ. ಸ್ಕೂಟರಿನಲ್ಲಿ ನಾನು ಹೇಳಿದ್ದು ಅವನ ಎಡಗಡೆಯಿಂದ, ಕೇಳದ ಕಿವಿಯ ಕಡೆಯಿಂದ, ಎಂಬುದು ನನಗೆ ಹೊಳೆದದ್ದು ಎರಡು ಮೂರು ವರ್ಷವಾದ ಮೇಲೆ. ಅಷ್ಟು ಹೊತ್ತಿಗೆ ಸುಮ್ಮನಿರುವುದು ರೂಢಿಯಾಗಿತ್ತು. ಮೊದಲು ಯಾರು ಮಾತಾಡಬೇಕು ಎಂಬ ಒಂದೇ ಪ್ರಶ್ನೆ ಉಳಿದಿತ್ತು.

ಮದುವೆ ಆಮೇಲೆ ಆಗಲಿಲ್ಲ. ಒಂದೆರಡು ಕಡೆಯಿಂದ ಕೇಳಿದರು, ಮಾತು ಮುಂದೆ ಹೋಗಲಿಲ್ಲ. ನಾನೂ ಒತ್ತಾಯ ಮಾಡಲಿಲ್ಲ.

ಮುದ್ದೇಬಿಹಾಳದಲ್ಲಿ ಮೊದಲ ವರ್ಷ ಯುಗಾದಿ ಬಂದಾಗ ಬಾಡಿಗೆ ಕೋಣೆಯಲ್ಲಿ ಕುಳಿತವಳಿಗೆ ಏನೋ ಕಳೆದುಕೊಂಡಂತೆ ಅನಿಸಿತು. ಮರುದಿನ ಬೆಳಿಗ್ಗೆ ಊರ ಹೊರಗಿನ ರಸ್ತೆಗೆ ಹೋಗಿ ಕೈಗೆ ಎಟುಕುವಷ್ಟು ಹುಣಸೆ ಚಿಗುರು ಕೊಯ್ದು ತಂದೆ. ದೊಡ್ಡ ಗಾಜಿನ ಭರಣಿ ಕೊಂಡೆ. ಲ್ಯಾಬಿನ ಅಭ್ಯಾಸದಂತೆ ಅದನ್ನು ಕುದಿಸಿದ ನೀರಿನಿಂದ ಮೂರು ಸಲ ತೊಳೆದೆ. ಸೋಸಿದೆ, ತುಂಬಿದೆ, ಮೇಣ ಹಾಕಿ ಮುಚ್ಚಿದೆ. ದೀಪಾವಳಿಗೆ ತೆಗೆದರೆ ಸ್ವಚ್ಛವಾಗಿತ್ತು, ಕೆಟ್ಟಿರಲಿಲ್ಲ. ಆದರೆ ಬರೀ ಹುಳಿ. ಅಪ್ಪನ ಹುಳಿನೀರು ಗಂಟಲಿನಿಂದ ಇಳಿದ ಮೇಲೆ ಬಡೇಸೋಪಿನಂಥ ಒಂದು ವಾಸನೆ ಬಾಯಲ್ಲಿ ಉಳಿಯುತ್ತಿತ್ತು. ನನ್ನದರಲ್ಲಿ ಅದು ಇರಲಿಲ್ಲ. ಮುಂದಿನ ವರ್ಷ ಒಂದು ಹಿಡಿ ಬಡೇಸೋಪು ಹಾಕಿದೆ. ಕೆಮ್ಮಿನ ಔಷಧದಂತಾಯಿತು. ಕಡಿಮೆ ಹಾಕಿ ನೋಡಿದೆ, ಕುಟ್ಟಿ ಹಾಕಿ ನೋಡಿದೆ, ಹುರಿದು ಹಾಕಿ ನೋಡಿದೆ. ಅದಲ್ಲ.

ಆ ಊರಿನಲ್ಲಿ ನನ್ನ ಹುಳಿನೀರು ಕುಡಿದವರು ಒಬ್ಬರೇ, ಮನೆಯ ಒಡತಿ. ಕಿರಾಣಿ ವ್ಯಾಪಾರಿಯ ವಿಧವೆ, ಮಡಿಯ ಹೆಂಗಸು. ಒಂದು ದಿನ ಮೆಟ್ಟಿಲ ಬಳಿ ನಿಂತು ಮೂಗು ಅರಳಿಸಿದರು.

"ಏನ್ ವಾಸನಿ ಯವ್ವಾ ಇದು, ನಿನ್ನ ಖೋಲ್ಯಾಗ?"

"ಹುಣಸಿ ತಪ್ಪಲ ಕಷಾಯರಿ," ಎಂದೆ.

"ಯಾತಕ್ಕ ಛಲೋ?"

"ಮೊಣಕಾಲ ನೋವಿಗೆ," ಎಂದು ಬಾಯಿಗೆ ಬಂದದ್ದು ಹೇಳಿದೆ.

ಅಂದಿನಿಂದ ಪ್ರತಿ ಸೋಮವಾರ ಪೂಜೆ ಮುಗಿಸಿ ಅವರು ಹಿತ್ತಾಳೆಯ ಲೋಟ ಹಿಡಿದು ಬರುತ್ತಿದ್ದರು. ಅರ್ಧ ಲೋಟ ಕುಡಿದು, ಮೆಟ್ಟಿಲ ಮೇಲೆ ಕುಳಿತು, ತಮ್ಮ ತವರುಮನೆಯ ಎಮ್ಮೆಗಳ ಬಗ್ಗೆ ಮಾತಾಡುತ್ತಿದ್ದರು. ಮೊಣಕಾಲು ಎಷ್ಟೋ ಹಗುರ ಎನ್ನುತ್ತಿದ್ದರು. ಸುಳ್ಳು ಹೇಳಿ ಕುಡಿಸುತ್ತಿದ್ದೇನೆ ಎಂಬ ಅಳುಕು ನನಗೆ ಪ್ರತಿ ವಾರವೂ ಇರುತ್ತಿತ್ತು. ಆದರೂ ಸೋಮವಾರಕ್ಕಾಗಿ ಕಾಯುತ್ತಿದ್ದೆ. ಅವರು ತೀರಿಹೋದ ವರ್ಷವೇ ನಾನು ಬಾಗೇವಾಡಿಗೆ ವರ್ಗ ಕೇಳಿಕೊಂಡೆ. ಅದಕ್ಕೀಗ ಒಂಬತ್ತು ವರ್ಷ. ಇಲ್ಲಿಯೂ ಪ್ರತಿ ಯುಗಾದಿಗೆ ಭರಣಿ ಇಡುತ್ತಿದ್ದೆ. ಯಾಕೆ ಎಂದು ಕೇಳುವವರು ಇರಲಿಲ್ಲ, ಹೀಗಾಗಿ ನಾನೂ ಕೇಳಿಕೊಳ್ಳಲಿಲ್ಲ.

ಈ ನಡುವೆ ಅಣ್ಣನನ್ನು ನೋಡಿದ್ದು ಕೆಲವೇ ಸಲ, ಬಂಧುಗಳ ಮದುವೆಗಳಲ್ಲಿ. ಅವನ ಮಗಳ ಮದುವೆಗೆ ಕಾಗದ ಬಂದಿತ್ತು, ಹೋಗಿದ್ದೆ. ಊಟದ ಸಾಲಿನಲ್ಲಿ ಅವನು ನನ್ನ ಎಲೆಯ ಮುಂದೆ ನಿಂತ. ಗೋಡೆಯ ಕಡೆ ನೋಡುತ್ತ, "ಊಟ ಆತಾ?" ಎಂದ. "ಆತು," ಎಂದೆ. ಎಲೆಯಲ್ಲಿ ಇನ್ನೂ ಅನ್ನ ಇತ್ತು. ಅವನು ಮುಂದೆ ಹೋದ. ಇಪ್ಪತ್ತೇಳು ವರ್ಷದಲ್ಲಿ ನಮ್ಮ ಮಾತು ಅಷ್ಟೇ.

ವೈನಿಯ ಫೋನ್ ಬಂದ ಮರುದಿನ ರಜೆ ಬರೆದುಕೊಟ್ಟು, ಬೆಳಗಿನ ಬಸ್ಸಿಗೆ ದೇವರ ಹಿಪ್ಪರಗಿಯ ದಾರಿಯಿಂದ ಸಿಂದಗಿಗೆ ಹೋದೆ. ಚೀಲದಲ್ಲಿ ಸೋಸುವ ಬಿಳಿ ಬಟ್ಟೆ, ಒಂದು ಕೊಳವೆ, ಮೇಣದ ಮುದ್ದೆ ಇದ್ದವು. ಸೂತಕದ ಮನೆಗೆ ಇವನ್ನು ಹೊತ್ತು ಹೋಗುತ್ತಿದ್ದೇನಲ್ಲ ಎಂದು ನಾಚಿಕೆಯಾಗಿ ಚೀಲವನ್ನು ಕಾಲ ಕೆಳಗೆ ತಳ್ಳಿಕೊಂಡೆ.

ಮನೆಯ ಮುಂದಿನ ಅಂಗಡಿಯ ಶಟರ್ ಇಳಿಸಿತ್ತು. ಪಕ್ಕದ ಬಾಗಿಲಿನಿಂದ ಒಳಗೆ ಹೋದರೆ ತಾಮ್ರದ ತಂತಿ ಮತ್ತು ವಾರ್ನಿಶ್ ವಾಸನೆ ಇನ್ನೂ ಹಾಗೇ ಇತ್ತು. ವೈನಿ ನೀರು ಕೊಟ್ಟರು. ಮೊದಲಿಗಿಂತ ಬಹಳ ಸಣ್ಣಗಾಗಿದ್ದರು. ಮಗಳು ಬಂದು ಒಂದೆರಡು ದಿನವಿದ್ದು ಇಂಡಿಗೆ ಹೋಗಿದ್ದಾಳೆ, ಅವಳಿಗೀಗ ಏಳು ತಿಂಗಳು ಎಂದು ಹೇಳಿದರು. ಆಮೇಲೆ ಎದ್ದು ಅಡುಗೆಮನೆಯ ಹಿಂದಿನ ಸಣ್ಣ ಖೋಲಿಯ ಬಾಗಿಲು ತೆರೆದರು. ತಾವು ಒಳಗೆ ಬರಲಿಲ್ಲ.

ನಮ್ಮ ಊರಿನ ಮನೆಯ ಜಾಡಿಯೇ ಅದು. ಕಂದು ಬಣ್ಣದ್ದು, ಕೊರಳ ಹತ್ತಿರ ಒಂದು ಚಕ್ಕೆ ಎದ್ದಿದ್ದು. ಅಪ್ಪ ಹೋದ ಮೇಲೆ ಅದು ಯಾರ ಪಾಲಾಯಿತು ಎಂದು ನಾನು ಕೇಳಿಯೇ ಇರಲಿಲ್ಲ. ನೆಲದ ಮೇಲೆ ಕುಳಿತು ಕಿವಿ ಇಟ್ಟೆ. ಸದ್ದು ಇನ್ನೂ ಬಿರುಸಾಗಿತ್ತು. ಗುಳ್ಳೆಯ ಬೆನ್ನಿಗೆ ಗುಳ್ಳೆ. ಇನ್ನೂ ಮೂರು ದಿನ ಬೇಕು ಅನಿಸಿತು.

"ಸತ್ತೈತೇನ್ರಿ?" ಎಂದು ವೈನಿ ಬಾಗಿಲಲ್ಲೇ ನಿಂತು ಕೇಳಿದರು.

"ಇಲ್ರಿ. ಛಲೋ ಐತಿ."

"ವರ್ಷಾ ವರ್ಷಾ ಕೆಡತಿತ್ರಿ ಅದು," ಎಂದರು. "ಮಾಡ್ತಿದ್ರು, ಮೂರ ತಿಂಗಳಿಗೆ ತಗದ ನೋಡ್ತಿದ್ರು. ಮೂಗಿಗೆ ಹೊಡಿಯೂವಂಥ ಹುಳಿ ಶಿರ್ಕಾ ಆಗಿರತಿತ್ತು. ಮಾರಿ ಹಿಂಡಿ ಬಚ್ಚಲಕ್ಕ ಚೆಲ್ಲತಿದ್ರು. ಮತ್ತ ಯುಗಾದಿ ಬಂದ್ರ ತಪ್ಪಲಾ ತರಾಕ ಹೋಗ್ತಿದ್ರು. ನಾ ಅಂದೆ, ಕೆಟ್ಟ ಹೋಗೂದನ್ನ ಯಾಕ ಮಾಡ್ತೀರಿ ಅಂತ."

"ಏನಂದ?"

"ಒಂದ ಸಲ ಅಂದ್ರು, ಇದು ಆಕಿ ಕೆಲಸ ಐತಿ, ನನಗ ಕೇಳಸೂದಿಲ್ಲ ಅಂತ."

ನಾನು ಜಾಡಿಯ ಮೇಲಿನ ಕೈ ತೆಗೆಯಲಿಲ್ಲ.

"ಹಂಗಾರ ಫೋನ್ ಮಾಡಿ ಕೇಳ್ರಿ ಅಂದೆ ನಾನು," ಎಂದು ವೈನಿ ಮುಂದುವರಿಸಿದರು. "ಆಕಿನ ಮಾಡ್ಲಿ ಅಂದ್ರು."

ಅವನ ನಂಬರು ನನ್ನ ಫೋನಿನಲ್ಲೂ ಇತ್ತು. ಮಗಳ ಮದುವೆಯ ಕಾಗದದಿಂದ ಬರೆದುಕೊಂಡದ್ದು. ಎಷ್ಟೋ ಸಂಜೆ ಅದನ್ನು ತೆಗೆದು ನೋಡಿ ಮತ್ತೆ ಒಳಗಿಟ್ಟಿದ್ದೇನೆ.

ಮೂರು ದಿನ ಅಲ್ಲೇ ಇದ್ದೆ. ನೆರೆಯವರು ಬಂದು ಕುಳಿತು ಹೋಗುತ್ತಿದ್ದರು. ಯಾರೆಂದು ಕೇಳಿದರೆ ವೈನಿ, "ಅವರ ತಂಗಿ," ಎನ್ನುತ್ತಿದ್ದರು. ಕೆಲವರಿಗೆ ತಂಗಿ ಇದ್ದದ್ದೇ ಗೊತ್ತಿರಲಿಲ್ಲ. ನಾನು ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಹೋಗಿ ಜಾಡಿಗೆ ಕಿವಿ ಇಡುತ್ತಿದ್ದೆ. ಎರಡನೆಯ ದಿನ ಸಂಜೆ, ಕಸ ಗುಡಿಸುತ್ತಿದ್ದ ವೈನಿಯನ್ನು ಕೇಳಿಯೇಬಿಟ್ಟೆ.

"ಸ್ಕೂಟರ್ ಮ್ಯಾಲ ನಾ ಅವಗ ನೌಕರಿ ಮಾತ ಹೇಳಿದ್ದೆ. ಅದರದ ಏನರೆ ಅಂದಿದ್ನೇನ್ರಿ ನಿಮ್ಮ ಮುಂದ?"

ವೈನಿ ಕಸಬರಿಗೆ ಹಿಡಿದು ನಿಂತು ಯೋಚಿಸಿದರು. "ಗಾಡಿ ಮಾತ ಏನೂ ಹೇಳಿಲ್ರಿ. ಮಂದ್ಯಾಗ ನನ್ನ ತಲಿ ತಗ್ಗಿಸಿದ್ಲು ಅಂತಿದ್ರು. ಆಮ್ಯಾಲ ಅದೂ ಅನ್ನೂದ ಬಿಟ್ರು."

ಅಲ್ಲಿಗೆ ಆ ವಿಷಯ ಮುಗಿಯಿತು. ಅವನಿಗೆ ಕೇಳಿಸಿತ್ತೋ ಇಲ್ಲವೋ ಇನ್ನು ನನಗೆ ತಿಳಿಯುವುದಿಲ್ಲ.

ಮೂರನೆಯ ದಿನ ಬೆಳಿಗ್ಗೆ ಸದ್ದು ಇಳಿದಿತ್ತು. ಒಂದು ಗುಳ್ಳೆ, ಆಮೇಲೆ ಬಹಳ ಹೊತ್ತು ಏನಿಲ್ಲ, ಆಮೇಲೆ ಇನ್ನೊಂದು. ಸೋಸುವ ಹೊತ್ತು. ಬಟ್ಟೆ ಹಿಡಿಯಲು ಇನ್ನೊಂದು ಜೋಡಿ ಕೈ ಬೇಕಾಗುತ್ತದೆ. ಮುದ್ದೇಬಿಹಾಳದಲ್ಲೂ ಬಾಗೇವಾಡಿಯಲ್ಲೂ ನಾನು ಬಟ್ಟೆಯನ್ನು ತಲೆಕೆಳಗು ಮಾಡಿದ ಕುರ್ಚಿಯ ನಾಲ್ಕು ಕಾಲಿಗೆ ಕಟ್ಟಿಕೊಳ್ಳುತ್ತಿದ್ದೆ. ಇಲ್ಲಿಯೂ ಕುರ್ಚಿ ಎಳೆದೆ. ವೈನಿ ನೋಡುತ್ತಿದ್ದರು. ಅವರ ತವರಿನಲ್ಲಿ ಕುಡಿತ ಎಂಬ ಮಾತನ್ನೂ ಆಡುತ್ತಿರಲಿಲ್ಲ. ಇಷ್ಟು ವರ್ಷ ಆ ಖೋಲಿಯ ಕಸವನ್ನೂ ಅಣ್ಣನೇ ಗುಡಿಸಿಕೊಳ್ಳುತ್ತಿದ್ದನಂತೆ. ಅವರು ಸೆರಗು ಸಿಕ್ಕಿಸಿಕೊಂಡು ಬಂದು ಬಟ್ಟೆಯ ಎರಡು ತುದಿ ಹಿಡಿದರು.

"ಬಿಗಿ ಹಿಡೀಲ್ಯೋ ಸಡಲೋ?"

"ಸ್ವಲ್ಪ ಸಡಲ ಇರ್ಲಿರಿ."

ಬಿಸಿಲ ಬಣ್ಣದ ನೀರು ಪಾತ್ರೆಗೆ ಇಳಿಯಿತು. ವಾಸನೆ ಮೇಲೆದ್ದಾಗ ನಾನು ಪಾತ್ರೆಯ ಮೇಲೆ ಬಾಗಿದೆ. ಬಡೇಸೋಪು. ಅಪ್ಪನ ಹುಳಿನೀರಿನದೇ.

ಬಟ್ಟೆಯಲ್ಲಿ ಉಳಿದ ಗಸಿಯನ್ನು ಬಿಳಿಯ ತಾಟಿನ ಮೇಲೆ ಹರವಿದೆ. ಲ್ಯಾಬಿನಲ್ಲಿ ದಿನಾ ಮಾಡುವ ಕೆಲಸವೇ, ಇರುವುದನ್ನು ಒಂದೊಂದಾಗಿ ಬಿಡಿಸಿ ನೋಡುವುದು. ಒಣದ್ರಾಕ್ಷಿ ಉಬ್ಬಿ ಬೆಳ್ಳಗಾಗಿದ್ದವು. ಹುಣಸೆಯ ಸಣ್ಣ ಎಲೆಗಳು. ಅವುಗಳ ನಡುವೆ ಬೇರೆ ಎಲೆ. ಸ್ವಲ್ಪ ದೊಡ್ಡದು, ಗುಂಡಗೆ, ದಪ್ಪ. ಬೆರಳ ನಡುವೆ ಹೊಸಕಿ ಮೂಸಿದೆ. ಆ ವಾಸನೆ ಇದರದೇ. ಆಕಾರದಿಂದ ಗುರುತು ಹತ್ತಿತು, ಬೆಳವಲ ಗಿಡದ, ಬೇಲದ ತಪ್ಪಲು. ಅದರ ಹಣ್ಣನ್ನು ಬೆಲ್ಲ ಹಾಕಿ ಎಷ್ಟು ಸಲ ತಿಂದಿದ್ದೇನೆ, ಎಲೆಯನ್ನು ಮಾತ್ರ ಒಂದು ದಿನವೂ ಮೂಸಿರಲಿಲ್ಲ. ಅಪ್ಪ ಮತ್ತು ಅಣ್ಣ ತರುತ್ತಿದ್ದ ಚೀಲದಲ್ಲಿ ಎರಡು ಗಿಡದ ತಪ್ಪಲು ಇರುತ್ತಿತ್ತು. ನನ್ನ ಕೈಗೆ ಅದು ಬರುವಾಗ ನೀರಲ್ಲಿ ನೆಂದು ಮುದ್ದೆಯಾಗಿರುತ್ತಿತ್ತು. ನಾನು ಕೇಳಲಿಲ್ಲ. ಅವರು ಹೇಳಲಿಲ್ಲ. ಹೇಳಬೇಕಾದದ್ದು ಎಂದು ಅವರಿಗೂ ಅನಿಸಿರಲಿಕ್ಕಿಲ್ಲ.

ನಾನು ತಾಟು ಹಿಡಿದುಕೊಂಡು ಅತ್ತೆ. ಮಣ್ಣಿನ ದಿನ ಬಾರದ ಅಳು ಆಗ ಬಂತು. ವೈನಿ ಶೀಶೆಗಳನ್ನು ತೊಳೆಯಲು ಕುಳಿತರು. ಏಳು ಶೀಶೆ ತುಂಬಿದವು. ಕೊರಳವರೆಗೆ ತುಂಬಿ, ಬೂಚು ಒತ್ತಿ, ಮೇಣ ಹಾಕಿದೆ.

"ನೀವ ಒಯ್ರಿ," ಎಂದರು ವೈನಿ.

"ದೀಪಾವಳಿತನಾ ಇಲ್ಲೇ ಇರ್ಲಿ. ನಾ ಬರ್ತೇನಿ."

ದೀಪಾವಳಿಗೆ ಹೋದೆ. ಮನೆಯಲ್ಲಿ ಹಬ್ಬ ಇರಲಿಲ್ಲ. ವೈನಿ ಬರೀ ಅನ್ನ ಸಾರು ಮಾಡಿದ್ದರು. ಮಧ್ಯಾಹ್ನ ಒಂದು ಶೀಶೆಯ ಮೇಣ ಕೆರೆದು ತೆಗೆದೆ. ಚೆನ್ನಾಗಿ ಬಂದಿತ್ತು. ಹೇಳಬೇಕೆಂದರೆ ಅಪ್ಪನದಕ್ಕಿಂತಲೂ ಚೆನ್ನಾಗಿತ್ತು, ಅಥವಾ ನನಗೆ ಹಾಗೆ ಅನಿಸಿತು. ವೈನಿ ಬಹಳ ಹೊತ್ತು ನೋಡುತ್ತ ಕುಳಿತಿದ್ದರು. ಆಮೇಲೆ ಒಂದು ಚಮಚೆ ತಂದು ಮುಂದೆ ಹಿಡಿದರು. ಒಂದೇ ಚಮಚೆ. ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದರು.

"ಹಿಂಗಿರತೈತಿ ಇದು?" ಎಂದರು. ಸ್ವಲ್ಪ ಹೊತ್ತಾದ ಮೇಲೆ, "ಇಪ್ಪತ್ತೇಳ ವರ್ಷ ಮಾಡಿದ್ರು, ಒಂದ ಸಲಾನೂ ಹಿಂಗ ಕುಡೀಲಿಲ್ಲ ನೋಡ್ರಿ."

ಚಮಚೆಯನ್ನು ಅವರ ಕೈಯಿಂದ ತೆಗೆದುಕೊಂಡು ತೊಳೆದಿಟ್ಟೆ.

ಮುಂದಿನ ಸಂಕ್ರಾಂತಿಗೆ ವೈನಿ ಮನೆ ಬಾಡಿಗೆಗೆ ಕೊಟ್ಟು ಇಂಡಿಗೆ, ಮಗಳ ಮನೆಗೆ ಹೋದರು. ಮೊಮ್ಮಗಳನ್ನು ನೋಡಿಕೊಳ್ಳಬೇಕು. ಜಾಡಿಯನ್ನು ನನಗೆ ಕೊಟ್ಟರು. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ತಂದೆ. ತಿಂಗಳಿಗೊಮ್ಮೆ ಅವರು ಫೋನ್ ಮಾಡುತ್ತಾರೆ, ಇಲ್ಲವೇ ನಾನು ಮಾಡುತ್ತೇನೆ. ಕೂಸಿಗೆ ಹಲ್ಲು ಬಂತು, ಇಲ್ಲಿ ಸೆಖೆ ಬಹಳ, ಅಂಥ ಮಾತು. ಎರಡು ನಿಮಿಷದಲ್ಲಿ ಮುಗಿಯುತ್ತದೆ.

ಈ ಯುಗಾದಿಗೆ ಬೆಳವಲ ಗಿಡ ಹುಡುಕಿಕೊಂಡು ಇಂಗಳೇಶ್ವರದ ದಾರಿಗೆ ಹೋಗಿದ್ದೆ. ಮೊದಲ ಬಸ್ಸಿನಿಂದ ಇಳಿದು ಹೊಲದ ಬದುವಿನ ಮೇಲೆ ನಡೆದೆ. ಹುಣಸೆ ಬೇಗ ಸಿಕ್ಕಿತು. ಬೆಳವಲ ಸಿಗಲು ಬಹಳ ತಿರುಗಬೇಕಾಯಿತು. ಸಿಕ್ಕ ಗಿಡದ ಚಿಗುರೆಲ್ಲ ಮೇಲಿತ್ತು, ಕೆಳಗೆ ಬರೀ ಮುಳ್ಳು. ಕೈ ಚಾಚಿ, ಹಿಮ್ಮಡಿ ಎತ್ತಿ ಒಂದು ಹಿಡಿಯಷ್ಟು ಕೊಯ್ಯುವಲ್ಲಿ ಮುಂಗೈ ತರಚಿತು.

ಆಡು ಮೇಯಿಸುತ್ತಿದ್ದ ಹೆಂಗಸೊಬ್ಬಳು ದೂರದಿಂದ ನೋಡುತ್ತಿದ್ದಳು. ನನ್ನ ವಯಸ್ಸಿನವಳೇ ಇರಬೇಕು. ತುದಿಗೆ ಕುಡಗೋಲು ಕಟ್ಟಿದ ಗಳ ಹಿಡಿದು ಹತ್ತಿರ ಬಂದಳು.

"ಆಡಿಗೇನ್ರಿ?"

"ಅಲ್ಲ. ಮನಿಗೆ."

"ಮನ್ಯಾಗ ತಿಂತಾರೇನ ಇದನ್ನ?"

"ಕುದಸಿ ಕುಡೀತಾರ."

"ಎಷ್ಟ ಮಂದಿ ಇದ್ದೀರಿ ಮನ್ಯಾಗ?"

"ನಾ ಒಬ್ಬಾಕಿ," ಎಂದೆ.

ಅವಳು ನನ್ನ ಚೀಲದೊಳಗೆ ಇಣುಕಿದಳು. "ಒಬ್ಬಾಕಿಗೆ ಇಷ್ಟ ಸಾಕಲ್ಲ," ಎಂದಳು. ನಾನು ಮತ್ತೆ ಮೇಲಕ್ಕೆ ಕೈ ಚಾಚಿದ್ದನ್ನು ನೋಡಿ ಗಳ ಎತ್ತಿ ಮೇಲಿನ ಎರಡು ಟೊಂಗೆಯನ್ನು ಬಾಗಿಸಿ ಹಿಡಿದಳು. ನಾನು ಕೊಯ್ದೆ. ಚೀಲ ಅರ್ಧ ತುಂಬಿದ ಮೇಲೆ ಅವಳು ಟೊಂಗೆ ಬಿಟ್ಟಳು. ಬಿದ್ದ ತಪ್ಪಲನ್ನು ಅವಳ ಆಡುಗಳು ಬಂದು ತಿಂದವು. ಹೆಸರು ಕೇಳುವಷ್ಟರಲ್ಲಿ ಒಂದು ಆಡು ಬೇರೆಯವರ ಹೊಲಕ್ಕೆ ನುಗ್ಗಿತು. ಅವಳು ಅದರ ಹಿಂದೆ ಓಡಿದಳು.

ತಿರುಗಿ ಹೋಗುವ ಬಸ್ಸಿಗೆ ಇನ್ನೂ ಒಂದು ತಾಸು ಇತ್ತು. ಒಬ್ಬಳೇ ಇರುವ ನಾನು 'ಮನಿಗೆ' ಎಂದದ್ದನ್ನು ನೆನೆಯುತ್ತ ಗಿಡದ ನೆರಳಿನಲ್ಲೇ ಕುಳಿತೆ. ಅವಳು ಈ ಕಡೆ ಮತ್ತೆ ಬಂದಾಳೇನೋ ಎಂದು ಎರಡು ಮೂರು ಸಲ ಎದ್ದು ನೋಡಿದೆ. ಆಡುಗಳು ಬಹಳ ದೂರ, ಕರಿಯ ಚುಕ್ಕೆಯಷ್ಟೇ ಕಾಣುತ್ತಿದ್ದವು. ಬಿಸಿಲು ಏರಿತು. ಚೀಲಕ್ಕೆ ನೀರು ಚಿಮುಕಿಸಿ, ರಸ್ತೆಯ ಕಡೆ ನಡೆದೆ.